ಯಂತ್ರದ ಮೇಲೆ ಹರವಿದ ಮಂಡಕ್ಕಿ

ಹರಿಹರ, ದಾವಣಗೆರೆ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವು ಎಂದು ಬರೆಯುತ್ತಾರೆ. ನಾನು ಅಲ್ಲಿ ಏನು ಕೆಡಿಸಿ ಬಂದೆ ಎಂದು ಬರೆಯಬೇಕಾಗಿದೆ. ಓದಿದ್ದು ಹರಿಹರದ ಹೈಸ್ಕೂಲಿನಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ವಯಸ್ಸು ಅರವತ್ತೇಳು. ಈ ವಯಸ್ಸಿನಲ್ಲಿ ಸುಳ್ಳು ಹೇಳಿದರೆ ಯಾವ ಸುಳ್ಳನ್ನು ಯಾರಿಗೆ ಹೇಳಿದ್ದೆ ಎಂಬುದೇ ನೆನಪಿರುವುದಿಲ್ಲ. ಅದಕ್ಕಾದರೂ ನಿಜ ಬರೆಯುವುದು ಸುಲಭ.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತು. ಹರಿಹರದ ಹತ್ತಿರದ ನಮ್ಮೂರು ಭಾನುವಳ್ಳಿಯಲ್ಲಿ ನಾಲೆ ನೀರು ಬಳಸುವ ರೈತರ ಸಂಘಕ್ಕೆ ನಾನು ಅಧ್ಯಕ್ಷ. ನಾಲ್ಕೈದು ಊರಿನವರು ಒಂದೇ ಉಪನಾಲೆಯ ನೀರನ್ನು ಪಾಳಿಯ ಪ್ರಕಾರ ಹಂಚಿಕೊಳ್ಳುತ್ತೇವೆ. ಸ್ವೀಡನ್ ದೇಶದಲ್ಲಿ ಮೂರು ಸಣ್ಣ ಊರುಗಳು ಸೇರಿ ಕಂಪ್ಯೂಟರ್‌ಗಳಿಗೆ ತಮ್ಮದೇ ತಂತಿಜಾಲ ಹಾಕಿಕೊಂಡಿವೆಯೆಂದೂ, ನೀರು ಹಂಚಿಕೊಳ್ಳುವ ಊರಿನವನೊಬ್ಬ ಬಂದು ತಂತಿ ಹಂಚಿಕೊಳ್ಳುವವರ ಜೊತೆ ಹತ್ತು ದಿನ ಇರಲಿ ಎಂದು ಅವರಿಗೆ ಆಸೆಯಿದೆಯೆಂದೂ ಬೆಂಗಳೂರಿನ ಸಹಕಾರ ತರಬೇತಿಯವರು ಕಾಗದ ಬರೆದರು. ಸಭೆಯಲ್ಲಿ ಎಲ್ಲರೂ ನನ್ನ ಹೆಸರು ಹೇಳಿದರು. ನಾನು ಎರಡು ಸಲ ಬೇಡ ಅಂದೆ. ಮೂರನೇ ಸಲ ಅವರು ಒತ್ತಾಯ ಮಾಡದೆ ಬಿಟ್ಟಾರು ಎಂದು ಹೆದರಿ ಒಪ್ಪಿಕೊಂಡೆ.

ನನ್ನ ಹೆಂಡತಿ ಗೌರಮ್ಮನಿಗೆ ಒಂದೇ ಚಿಂತೆ. "ಅಲ್ಲಿ ಸಂಜೆ ನಾಕು ಗಂಟೆಗೆ ನಿಮ್ಮ ಬಾಯಿಗೆ ಏನ್ ಹಾಕ್ತಾರೆ?" ನಲವತ್ತು ವರ್ಷದಿಂದ ನಾನು ಸಂಜೆ ಮಂಡಕ್ಕಿ ತಿನ್ನದ ದಿನವಿಲ್ಲ. ತೂಕವೂ ಇಲ್ಲ, ವಿಮಾನದವರು ತಕರಾರು ಮಾಡುವುದಿಲ್ಲ. ದಾವಣಗೆರೆಗೆ ಹೋಗಿ ಭಟ್ಟಿಯಿಂದಲೇ ಬಿಸಿಬಿಸಿಯಾಗಿ ತಂದುಬಿಡಿ ಎಂದಳು.

ಆ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವನು ದುರ್ಗಪ್ಪ. ಮೊದಲು ನಮ್ಮ ಸಂಘದ ನೀರುಗಂಟಿಯಾಗಿದ್ದ. ಯಾವ ಊರಿನ ಪಾಳಿಯೋ ಆ ಊರಿನ ತೂಬು ತೆರೆದು ಉಳಿದವನ್ನು ಮುಚ್ಚುವುದು ಅವನ ಕೆಲಸ. ಅದಕ್ಕೂ ಎಂಟು ವರ್ಷದ ಹಿಂದೆ, ನಾಲೆಯ ಕೊನೆಯ ಊರಿನವರ ಪಾಳಿಯ ದಿನ ಮೇಲಿನ ತೂಬು ತೆರೆದುಕೊಂಡಿತ್ತು. ಕೊನೆಯ ಊರಿನ ಗದ್ದೆಗೆ ನೀರು ಹೋಗಲಿಲ್ಲ, ದೊಡ್ಡ ಗಲಾಟೆಯಾಯಿತು. ದುರ್ಗಪ್ಪ ಕಾವಲು ಬಿಟ್ಟು ನಿದ್ದೆ ಮಾಡಿದ್ದಾನೆಂದು ಸಂಘದ ಪುಸ್ತಕದಲ್ಲಿ ಬರೆದು ಅವನನ್ನು ತೆಗೆದೆವು. ಬರಹದ ಕೆಳಗೆ ಸಹಿ ನನ್ನದು.

ಆದರೂ ಅವನು ನನ್ನನ್ನು ಕಂಡರೆ ಮುಖ ತಿರುಗಿಸಿದವನಲ್ಲ. ಅಂದೂ ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತ ನಕ್ಕ.

"ಯಜಮಾನ್ರೆ, ಫಾರಿನ್ನಿಗೆ ಹೊಂಟೀರಂತೆ. ಅಲ್ಲಿ ಮಂಡಕ್ಕಿ ಸಿಗಲ್ಲೇನು?"

"ಸಿಗಲ್ಲಂತೆ ಕಣೋ."

"ಅಯ್ಯ ಪಾಪ. ಅಂಥಾ ದೇಶಕ್ಕೆ ಯಾಕ ಹೋಗ್ತೀರಿ?"

ಎರಡು ಬಟ್ಟೆಚೀಲದಲ್ಲಿ ತುಂಬಿ, ಬಾಯಿ ಬಿಗಿದು ಕೊಟ್ಟ. "ಥಂಡಿ ಸೀಮೆ. ಅರ್ಧ ದಿನದಾಗೆ ಮೆತ್ತಗಾಗ್ತೈತೆ. ದಿನಾ ಬೆಳಿಗ್ಗೆ ಅವತ್ತಿನಷ್ಟು ತೆಗೆದು ಬಿಸಿ ತೋರ್ಸ್ರಿ. ಒಲೆ ಮ್ಯಾಲೆ ಮಾತ್ರ ಬ್ಯಾಡ್ರಿ, ಕರಕಲಾಗ್ತೈತೆ. ಹಗೂರಾಗಿ ಬಿಸಿಗಾಳಿ ಬರೋ ಜಾಗ ನೋಡ್ಕೊಳ್ರಿ."

ಮುಂದೆ ಆದದ್ದೆಲ್ಲ ಈ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಆದದ್ದು.

ಸ್ಟಾಕ್‌ಹೋಮ್ ವಿಮಾನ ನಿಲ್ದಾಣ

ಕಸ್ಟಮ್ಸಿನವನು ಚೀಲ ಬಿಚ್ಚಿಸಿದ. ಎತ್ತರದ ಮನುಷ್ಯ, ಮುಖದಲ್ಲಿ ಸಿಟ್ಟೂ ಇಲ್ಲ, ನಗೆಯೂ ಇಲ್ಲ. ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಮತ್ತೆ ಬಿಟ್ಟು, "ಒಳಗೆ ಏನಿಟ್ಟಿದ್ದೀರಿ?" ಎಂದು ಕೇಳಿದ.

"ಏನೂ ಇಲ್ಲ. ಇದೇ."

ಅವನು ನಂಬಲಿಲ್ಲ. ಮೊಣಕೈವರೆಗೆ ಕೈ ತೂರಿಸಿ ತಡಕಾಡಿದ. ಒಡೆಯುವಂಥ ಗಾಜಿನ ಸಾಮಾನೇನೋ ಇದೆ, ಅದಕ್ಕೆ ಸುತ್ತಲೂ ಥರ್ಮಕೋಲ್ ಚೂರು ತುಂಬಿದ್ದೇನೆ ಎಂದು ಅವನ ಲೆಕ್ಕ. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಅವನು ಒಂದೇ ಒಂದು ಕಾಳು ತೆಗೆದುಕೊಂಡು, ನಾಲಿಗೆ ಮೇಲಿಟ್ಟುಕೊಂಡು, ರುಚಿ ಬರಲೆಂದು ಬಹಳ ಹೊತ್ತು ಕಾದ. ಬರಲಿಲ್ಲ. ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡಿ ಹೋಗಲು ಬಿಟ್ಟ.

ಟಾಲ್‌ವಿಕ್

ಕರೆದೊಯ್ಯಲು ಬಂದಿದ್ದವನು ನಿಲ್ಸ್. ನಿವೃತ್ತ ಅಂಚೆಯವನು, ಹೆಚ್ಚುಕಡಿಮೆ ನನ್ನ ವಯಸ್ಸು. ಮುರುಗೇಂದ್ರಪ್ಪ ಎಂಬ ನನ್ನ ಹೆಸರನ್ನು ಮೂರು ಸಲ ಪ್ರಯತ್ನಿಸಿ, ಕಡೆಗೆ "ಮುರು" ಎಂಬಲ್ಲಿಗೆ ನಿಲ್ಲಿಸಿದ. ಅವನ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದೇ, ನನ್ನದೂ ಅಷ್ಟೇ. ಇಬ್ಬರೂ ನಿಧಾನವಾಗಿ ಮಾತಾಡುತ್ತಿದ್ದೆವು. ಅವರ ಮಾತನ್ನು ನಾನು ಮನಸ್ಸಿನೊಳಗೆ ನಮ್ಮ ಕಡೆಯ ಮಾತಿಗೆ ತಿರುಗಿಸಿಕೊಂಡೇ ಕೇಳುತ್ತಿದ್ದೆ. ಇಲ್ಲಿಯೂ ಹಾಗೇ ಬರೆದಿದ್ದೇನೆ. ಓದುವವರು ಸ್ವೀಡನ್ನಿನವರಿಗೆ ದಾವಣಗೆರೆ ಭಾಷೆ ಹೇಗೆ ಬಂತು ಎಂದು ಕೇಳಬಾರದು.

ಮೂರು ಗಂಟೆ ಕಾರಿನ ದಾರಿ. ನಿಲ್ಸ್ ಒಟ್ಟು ನಾಲ್ಕು ಮಾತಾಡಿದ. ಹರಿಹರದಿಂದ ದಾವಣಗೆರೆಗೆ ಬಸ್ಸು ಹತ್ತಿದರೆ ಇಳಿಯುವುದರೊಳಗೆ ಪಕ್ಕದವನ ಸೊಸೆಯ ತವರಿನ ಸಮಾಚಾರವೂ ನಮಗೆ ತಿಳಿದಿರುತ್ತದೆ. ಇಲ್ಲಿ ಇವನಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ. ನನ್ನ ಮೇಲೆ ಕೋಪ ಬಂದಿದೆಯೆಂದು ಹೆದರಿದೆ. ಇಳಿಯುವಾಗ ಅವನೇ ಕೈ ಕುಲುಕಿ, "ಮಾತಾಡ್ತಾ ಬಂದಿದ್ದಕ್ಕೆ ದಾರಿ ಸವೆದದ್ದೇ ತಿಳೀಲಿಲ್ಲ ನೋಡ್ರಿ" ಅಂದ.

ಮೂರು ಊರುಗಳಲ್ಲಿ ಟಾಲ್‌ವಿಕ್ ಒಂದು, ಬ್ರೆಂಬು ಇನ್ನೊಂದು. ಮೂರನೆಯದು ಎಷ್ಟು ಸಣ್ಣದೆಂದರೆ ಅಲ್ಲಿಯವರೇ ಅದನ್ನು ಊರು ಎನ್ನಲು ನಾಚಿಕೊಳ್ಳುತ್ತಿದ್ದರು. ಮೂರೂ ಸೇರಿದರೆ ನಮ್ಮ ಕಡೆಯ ಕುಕ್ಕುವಾಡ ಹಳ್ಳಿಯಷ್ಟು ಜನ ಆಗಲಿಕ್ಕಿಲ್ಲ. ಇಷ್ಟು ಕಡಿಮೆ ಜನಕ್ಕೆ ವೇಗದ ತಂತಿ ಎಳೆದರೆ ಗಿಟ್ಟುವುದಿಲ್ಲ ಎಂದು ಟೆಲಿಫೋನಿನವರು ಹೇಳಿದ್ದರಂತೆ. ಹಿಂದಿನ ಬೇಸಿಗೆಯಲ್ಲಿ ಮೂರೂರಿನ ಜನ ತಾವೇ ಗುದ್ದಲಿ ಹಿಡಿದು ರಸ್ತೆ ಪಕ್ಕದಲ್ಲಿ ಕಾಲುವೆ ತೋಡಿ ಕೇಬಲ್ ಹೂತಿದ್ದರು. ಪ್ರತಿ ಮನೆಗೂ ಇಷ್ಟು ಮಾರು ಎಂದು ಪಾಲು. ಗುದ್ದಲಿ ಎತ್ತಲಾಗದ ಮುದುಕಿಯರು ಕಾಫಿ ತಂದುಕೊಡಬೇಕು. ಆ ದೇಶದಲ್ಲಿ ಕಾಫಿಯಿಲ್ಲದೆ ಗುದ್ದಲಿ ಮಣ್ಣಿಗಿಳಿಯುವುದಿಲ್ಲ. ತಂತಿಗಳೆಲ್ಲ ಬಂದು ಸೇರುವುದು ಟಾಲ್‌ವಿಕ್‌ನ ಒಂದು ಸಣ್ಣ ಮರದ ಮನೆಗೆ. ಅದನ್ನು ಯಂತ್ರದ ಮನೆ ಎನ್ನೋಣ. ಕಾಯುವವನು ನಿಲ್ಸ್. ತಂತಿ ಸತ್ತರೆ ಮೂರೂರಿನವರೂ ಅವನಿಗೇ ಫೋನ್ ಮಾಡುತ್ತಾರೆ.

ನನ್ನ ರೈತಬುದ್ಧಿ ಸುಮ್ಮನಿರಲಿಲ್ಲ. ಕೇಳಿದೆ: "ಯಂತ್ರದ ಪಕ್ಕದ ಮನೆಯವನು ಜಾಸ್ತಿ ಎಳ್ಕೊಂಡ್ರೆ, ಕೊನೆ ಮನೆಗೆ ಏನ್ ಉಳಿತೈತೆ?"

ನಿಲ್ಸ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದ ಮೇಲೆ, "ಎಲ್ಲರೂ ಒಟ್ಟಿಗೆ ಎಳೆದ್ರೆ ಎಲ್ಲರಿಗೂ ನಿಧಾನ ಆಗ್ತೈತೆ. ಮೊದಲ ಮನೆ, ಕೊನೆ ಮನೆ ಅಂತ ಇಲ್ಲ" ಎಂದ.

"ಕದ್ದು ಎಳ್ಕೊಂಡ್ರೆ?"

"ಯಾಕ ಕದೀಬೇಕು? ಅವರದ್ದೇ ಐತಲ್ಲ."

ನಾನು ಮಾತು ಬದಲಿಸಿದೆ.

ಹೊಂದಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ನಮ್ಮಂತೆಯೇ ಚಪ್ಪಲಿ ಹೊರಗೆ ಬಿಟ್ಟು ಮನೆಯೊಳಗೆ ಬರುತ್ತಾರೆ. ಆದರೆ ಆರು ಗಂಟೆಗೆ ಊಟಕ್ಕೆ ಕರೆದರೆ ಐದು ಐವತ್ತೈದಕ್ಕೆ ಬಂದು, ಗಡಿಯಾರ ನೋಡುತ್ತ ಮಂಜಿನಲ್ಲಿ ನಿಂತಿರುತ್ತಾರೆ. ನಾನು ಒಮ್ಮೆ ಬಾಗಿಲು ತೆರೆದು "ಒಳಗೆ ಬರ್ರಿ" ಎಂದರೆ ಒಬ್ಬರೂ ಅಲುಗಲಿಲ್ಲ. ಇನ್ನೊಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಯಾರದೋ ಮನೆಯಲ್ಲಿ ಕಾಫಿ ಕುಡಿದಿದ್ದರೆ, ಮುಂದೆ ಎಲ್ಲೇ ಸಿಗಲಿ, ಮೊದಲ ಮಾತು "ಹೋದ ಸಲದ್ದಕ್ಕೆ ಉಪಕಾರ ಆತು" ಎಂದೇ. ತಿಂಗಳಾಗಿರಲಿ, ವರ್ಷವಾಗಿರಲಿ. ನಮ್ಮಲ್ಲಿ ಹೋದ ಸಲದ್ದನ್ನು ಎತ್ತಿದರೆ ಜಗಳ ಶುರುವಾಗುತ್ತದೆ.

ಯಂತ್ರದ ಮನೆ

ನನ್ನನ್ನು ಇಳಿಸಿದ್ದು ಯಂತ್ರದ ಮನೆಗೆ ಅಂಟಿಕೊಂಡಿದ್ದ ಹಳೆಯ ಶಾಲೆಯ ಕೋಣೆಯಲ್ಲಿ. ಹೊರಗೆ ದಿನವಿಡೀ ಜಿನುಗು ಮಳೆ, ಒಳಗೆ ಥಂಡಿ. ಮೊದಲ ಸಂಜೆ ಚೀಲ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹತ್ತಿ ಜಗಿದಂತಾಯಿತು. ದುರ್ಗಪ್ಪನ ಮಾತು ನೆನಪಾಯಿತು.

ಮಾರನೇ ಬೆಳಿಗ್ಗೆ ನಿಲ್ಸ್‌ನನ್ನು ಕೇಳಿದೆ: "ನಿನ್ನ ಯಂತ್ರದ ಮನೆ ಬೆಚ್ಚಗೈತಲ್ಲ, ಬೆಳಿಗ್ಗೆ ಒಂದು ಗಳಿಗೆ ಅಲ್ಲಿ ಕೂಡ್ಲಾ?"

ಅವನು ಮರುಗಿದ. ಬಿಸಿಲಿನ ಊರಿನ ಮುದುಕ, ಚಳಿಯಾಗುತ್ತಿದೆ ಎಂದುಕೊಂಡ. ಇನ್ನೊಂದು ಕೀಲಿ ಕೊಟ್ಟ. "ಕೂಡ್ರಿ, ಕೂಡ್ರಿ. ಏನೂ ಮುಟ್ಟಬ್ಯಾಡ್ರಿ ಅಷ್ಟೆ."

ನಾನು ಮುಟ್ಟಲಿಲ್ಲ. ಇದನ್ನು ಯಾವ ದೇವರ ಮುಂದೆಯೂ ಹೇಳಬಲ್ಲೆ. ಹರವಿದೆ.

ಯಂತ್ರವೆಂದರೆ ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ. ಮುಂದೆ ಹಸಿರು ದೀಪಗಳು. ಮೇಲೆ ಜಾಲರಿ, ಅದರೊಳಗಿಂದ ಫ್ಯಾನು ಹದವಾದ ಬಿಸಿಗಾಳಿಯನ್ನು ಹೊರಕ್ಕೆ ಊದುತ್ತಿತ್ತು. ಹಗೂರಾದ ಬಿಸಿಗಾಳಿ! ದುರ್ಗಪ್ಪನೇ ನಿಂತು ಮಾಡಿಸಿದಂತಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಜಾಲರಿಯ ಮೇಲೆ ಹಾಸಿದೆ. ದಪ್ಪನೆಯ ಟವೆಲ್. ಅಗಸರ ಮನೆಯಲ್ಲಿ ಅದಲುಬದಲಾಗದಿರಲೆಂದು ನನ್ನ ಎಲ್ಲ ಟವೆಲ್ಲುಗಳ ಮೂಲೆಯಲ್ಲೂ ಗೌರಮ್ಮ ಕೆಂಪು ದಾರದಲ್ಲಿ 'ಮು' ಎಂದು ಹೊಲಿದಿರುತ್ತಾಳೆ. ಅದರ ಮೇಲೆ ಅಂದಿನ ಮಂಡಕ್ಕಿಯನ್ನು ನಮ್ಮ ಮಾಳಿಗೆ ಮೇಲೆ ಹರವುವಂತೆ ಹರವಿದೆ. ಏಳು ಗಂಟೆಗೆ ಹರವಿದರೆ ಎಂಟರ ಹೊತ್ತಿಗೆ ಗರಿಗರಿ. ನನ್ನ ಕಣ್ಣು ಮಂಡಕ್ಕಿಯ ಮೇಲೆ, ದೀಪಗಳ ಮೇಲಲ್ಲ. ಬಾಚಿ ಚೀಲಕ್ಕೆ ತುಂಬಿ ಟವೆಲ್ ಕೊಡವಿ ಹೊರಗೆ ಬರುತ್ತಿದ್ದೆ. ಇಂಥ ಯಂತ್ರ ನಮ್ಮೂರಿನಲ್ಲೂ ಒಂದು ಬೇಕು ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಎರಡನೇ ದಿನ ನಿಲ್ಸ್ ಓಡುತ್ತ ಬಂದ. ಏಳೂಮುಕ್ಕಾಲಿಗೆ ಮೂರೂರಿನ ತಂತಿ ಸತ್ತಿತಂತೆ. ಅವನು ಬರುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಮೂರನೇ ದಿನವೂ ಹಾಗೇ. ನಾಲ್ಕನೇ ದಿನವೂ. ಆ ಹೊತ್ತಿಗೇ ಜನ ಹವಾಮಾನ ನೋಡುವುದು, ಮಕ್ಕಳು ಶಾಲೆಗೆ ಬರಹ ಕಳಿಸುವುದು. ಬ್ರೆಂಬುವಿನ ಮರದ ಕಾರ್ಖಾನೆಯವರು ಪಟ್ಟಣದ ಗಿರಾಕಿಗಳಿಗೆ ಕಾಗದ ಕಳಿಸುವುದೂ ಆಗಲೇ. ನಿಲ್ಸ್ ಪೆಟ್ಟಿಗೆಯ ಮುಂದೆ ಮಂಡಿಯೂರಿ ದೀಪಗಳನ್ನು ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ಅವನ ಕೈಗೆ ಒಂದು ಹಿಡಿ ಮಂಡಕ್ಕಿ ಹಾಕುತ್ತಿದ್ದೆ. "ಬಿಸಿ ಐತೆ, ತಿನ್ನು. ಚಿಂತಿ ಮಾಡಬ್ಯಾಡ." ಅವನು ತಿನ್ನುತ್ತ ಚಿಂತೆ ಮಾಡುತ್ತಿದ್ದ.

ಬ್ರೆಂಬು

ಗುರುವಾರ ನನ್ನನ್ನು ಬ್ರೆಂಬುಗೆ ಕರೆದೊಯ್ದರು. ಅಲ್ಲಿಯ ಮುಖಂಡ ಲೆನ್ನಾರ್ಟ್, ಮರ ಕೊಯ್ಯುವ ಕಾರ್ಖಾನೆಯವನು. ದೊಡ್ಡ ಕೈ, ಸಣ್ಣ ಧ್ವನಿ. ಜೊತೆಗೆ ಇಂಗ್ರಿಡ್ ಇದ್ದಳು. ಟಾಲ್‌ವಿಕ್‌ನವಳು, ದನದ ಡಾಕ್ಟರಮ್ಮ, ಮೂರೂರಿನ ಸಂಘಕ್ಕೆ ಅಧ್ಯಕ್ಷೆ. ಆ ಎರಡೂರಿಗೆ ಹಿಂದಿನಿಂದಲೂ ಅಷ್ಟಕ್ಕಷ್ಟೆ. ಅಜ್ಜಂದಿರ ಕಾಲದಲ್ಲಿ ಚರ್ಚಿನ ಗಂಟೆ ಯಾವ ಊರಿನಲ್ಲಿರಬೇಕು ಎಂದು ಮಾತು ಬಿಟ್ಟಿದ್ದರಂತೆ. ತಂತಿ ಹೂಳುವಾಗಷ್ಟೇ ಒಂದಾದದ್ದು.

ಅಂದು ಅವರ ಜಗಳ ನೋಡಿದೆ; ಅತಿಥಿಯ ಮುಂದೆ ಎಂದು ಅದನ್ನೂ ಇಂಗ್ಲಿಷಿನಲ್ಲೇ ಆಡಿದರು. ಬಹಳ ಹೊತ್ತು ಅದು ಜಗಳವೆಂದೇ ನನಗೆ ತಿಳಿಯಲಿಲ್ಲ. ಯಾರೂ ಕೂಗಲಿಲ್ಲ, ಮೇಜು ಗುದ್ದಲಿಲ್ಲ. ಇಂಗ್ರಿಡ್ ಲೆನ್ನಾರ್ಟ್‌ಗೆ ಕಾಫಿ ಸುರಿದುಕೊಟ್ಟು, ಜೇಬಿನಿಂದ ಒಂದು ಸಣ್ಣ ಗಾಜಿನ ಶೀಶೆ ತೆಗೆದು ಮೇಜಿನ ಮೇಲಿಟ್ಟಳು.

"ನಿನ್ನೆ ನಿಲ್ಸ್ ಇಲ್ದಾಗ ಪೆಟ್ಟಿಗೆ ಬಿಚ್ಚಿ ನೋಡಿದ್ವಿ. ಒಳಗೆ ಇದು ಬಿದ್ದಿತ್ತು."

ಶೀಶೆಯೊಳಗೆ ಒಂದು ಬಿಳಿ ಚೂರು.

"ಥರ್ಮಕೋಲು" ಎಂದಳು. "ಹೋದ ವಾರ ಹೊಸಾ ಯಂತ್ರ ಇಂಥದ್ರಾಗೆ ತುಂಬಿ ಬಂದಿದ್ದು ನಿಮ್ಮ ಕಾರ್ಖಾನೆಗೆ. ನಮ್ಮೂರಿನವರ್ಯಾರ ಕೈಯಾಗೂ ಇದು ಇಲ್ಲ. ಪೆಟ್ಟಿಗೆ ಕೀಲಿ ನಿನ್ನ ಹತ್ರನೂ ಒಂದೈತೆ."

ಲೆನ್ನಾರ್ಟ್‌ನ ಕಿವಿ ಕೆಂಪಾದವು. "ನಾನು ಬಂದು ಬಿಚ್ಚಿದೆ ಅಂತೀಯಾ? ನಿಮ್ಮ ನಿಲ್ಸ್ ಕಾಯೋದು ಬಿಟ್ಟು ಮಲಗಿರ್ತಾನೆ ಅನ್ನು. ಶನಿವಾರ ಸಭೆಯಾಗೆ ಎರಡರಾಗೊಂದು ಆಗ್ಲಿ. ನಿಲ್ಸ್ ಕೀಲಿ ಕೊಟ್ಟು ಇಳೀಲಿ, ಇಲ್ಲಾಂದ್ರೆ ಬ್ರೆಂಬು ತನ್ನ ತಂತಿ ಕತ್ತರಿಸ್ಕೊಳ್ತೈತೆ."

ನಾನು ಶೀಶೆಯನ್ನು ಹತ್ತಿರದಿಂದ ನೋಡಿದೆ. ಎರಡೂ ತುದಿ ಚೂಪು, ನಡುವೆ ಉಬ್ಬು, ಒಂದು ಕಡೆ ಸಣ್ಣ ಕಂದು ಚುಕ್ಕೆ. ದಾವಣಗೆರೆಯಲ್ಲಿ ಹುಟ್ಟಿದ ಕೂಸು ಕೂಡ ಗುರುತು ಹಿಡಿಯುತ್ತದೆ. ಹೆಗಲ ಮೇಲಿನ ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡೆ. "ಚಳೀನಾ?" ಎಂದು ಇಂಗ್ರಿಡ್ ಕೇಳಿದಳು. ಹೌದು ಅಂದೆ.

ಶುಕ್ರವಾರ

ಶುಕ್ರವಾರ ಬೆಳಿಗ್ಗೆ ಮಂಡಕ್ಕಿ ಹರವಲಿಲ್ಲ. ತಂತಿ ಸಾಯಲಿಲ್ಲ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಬಿಸಿಗಾಳಿ ಹೊರಗೆ ಹೋಗುವ ದಾರಿಗೆ ನಾನು ಟವೆಲ್ ಹೊದೆಸಿದ್ದೆ. ಒಳಗೆ ಕುದ್ದು ಯಂತ್ರ ತಾನೇ ನಿಂತುಬಿಡುತ್ತಿತ್ತು. ನಾನು ಟವೆಲ್ ಕೊಡವಿ ಹೋದ ಮೇಲೆ ತಣ್ಣಗಾಗಿ ಮತ್ತೆ ಏಳುತ್ತಿತ್ತು.

ಭಾನುವಾರ ನನ್ನ ವಿಮಾನ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಬಾಯಿ ಮುಚ್ಚಿಕೊಂಡಿರುವುದರಲ್ಲಿ ನನಗೆ ಎಂಟು ವರ್ಷದ ಅಭ್ಯಾಸವಿತ್ತು.

ಮಧ್ಯಾಹ್ನ ನಿಲ್ಸ್ ಬಂದು ಪಕ್ಕದಲ್ಲಿ ಕೂತ. ಕೀಲಿಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ. ಆಮೇಲೆ ಹೇಳಿದ: "ನಾಳೆ ನಾನಾಗೇ ಕೀಲಿ ಕೊಟ್ಟುಬಿಡ್ತೀನಿ. ಯಂತ್ರ ನನ್ನ ಕೈಯಾಗಿತ್ತು, ತಪ್ಪು ನಂದೇ ಇರಬೇಕು. ನನ್ನಿಂದ ಊರು ಊರು ಯಾಕ ಒಡೀಬೇಕು?"

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. "ತೂಬು ನನ್ನ ಕೈಯಾಗಿತ್ತು ಯಜಮಾನ್ರೆ, ತಪ್ಪು ನಂದ ಇರಬೇಕು" ಎಂದು ದುರ್ಗಪ್ಪ ಅಂದು ಸಭೆಯಲ್ಲಿ ತಲೆತಗ್ಗಿಸಿ ನಿಂತಿದ್ದ. ಅಂದು ಬೆಳಿಗ್ಗೆ, ಅವನು ಕೆಳಗಿನ ತೂಬು ನೋಡಲು ಹೋಗಿದ್ದಾಗ, ಮೇಲಿನ ತೂಬನ್ನು ತಿರುಗಿಸಿ ನನ್ನ ಗದ್ದೆಗೆ ನೀರು ಬಿಟ್ಟುಕೊಂಡವನು ನಾನೇ. ಒಂದು ಗಳಿಗೆ ಬಿಟ್ಟು ಮುಚ್ಚಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಯಾರೋ ಬಂದರೆಂದು ಹಾಗೇ ಬಿಟ್ಟು ಓಡಿದೆ. ಆಮೇಲೆ ಅಧ್ಯಕ್ಷನ ಕುರ್ಚಿಯಲ್ಲಿ ಕೂತು, ಕಾವಲುಗಾರರು ಹೀಗೆ ಮಾಡಿದರೆ ರೈತರ ಗತಿಯೇನು ಎಂದು ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆ.

ಚೀಲದಿಂದ ಒಂದು ಹಿಡಿ ತೆಗೆದು ನಿಲ್ಸ್‌ಗೆ ಚಾಚಿದೆ. ಅವನು ಬೇಡವೆಂದ. "ಇವತ್ತು ಮೆತ್ತಗೈತೆ" ಎಂದ. ಅಷ್ಟರಲ್ಲಿ ಅವನಿಗೂ ರುಚಿ ಹತ್ತಿತ್ತು.

ಶನಿವಾರದ ಸಭೆ

ಸಭೆ ಹತ್ತಕ್ಕೆ. ಒಂಬತ್ತೈವತ್ತೈದಕ್ಕೆ ಮೂರೂರಿನವರೂ ಶಾಲೆಯ ಹೊರಗೆ ಮಳೆಯಲ್ಲಿ ನಿಂತಿದ್ದರು. ಒಳಗೆ ಬಂದು ಟಾಲ್‌ವಿಕ್‌ನವರು ಎಡಕ್ಕೆ, ಬ್ರೆಂಬುವಿನವರು ಬಲಕ್ಕೆ ಕೂತರು. ಮೂರನೇ ಊರಿನ ಏಳು ಜನ ನಡುವೆ ಕುರ್ಚಿ ಹಾಕಿಕೊಂಡು ಎರಡೂ ಕಡೆಗೆ ಹೆದರಿ ನೋಡುತ್ತಿದ್ದರು. ಮೇಜಿನ ಮೇಲೆ ಶೀಶೆ. ಇಂಗ್ರಿಡ್ ವಿಷಯ ಓದಿದಳು. ನಿಲ್ಸ್ ಜೇಬಿನಿಂದ ಕೀಲಿ ತೆಗೆದು ಎದ್ದು ನಿಂತ.

ನಾನೂ ಎದ್ದೆ. ಮಾತಾಡಬೇಕೆಂದೇ ಎದ್ದದ್ದು. ಇಂಗ್ಲಿಷ್ ಒಂದಕ್ಷರ ಬರಲಿಲ್ಲ. ಕನ್ನಡವೂ ಬರಲಿಲ್ಲ. ಮೇಜಿನ ಹತ್ತಿರ ಹೋಗಿ, ಶೀಶೆಯ ಮುಚ್ಚಳ ತೆಗೆದು, ಆ ಚೂರನ್ನು ಬಾಯಿಗೆ ಹಾಕಿಕೊಂಡು ನುಂಗಿದೆ.

ಒಬ್ಬ ಹೆಂಗಸು ಚೀರಿದಳು. ಆ ದೇಶದಲ್ಲಿ ನಾನು ಕೇಳಿದ ಒಂದೇ ಒಂದು ದೊಡ್ಡ ಧ್ವನಿ ಅದು. ಇಂಗ್ರಿಡ್ ಒಂದೇ ನೆಗೆತಕ್ಕೆ ಬಂದು, ಒಂದು ಕೈಯಲ್ಲಿ ನನ್ನ ಹಿಂದಲೆ, ಇನ್ನೊಂದರಲ್ಲಿ ದವಡೆ ಹಿಡಿದು, ಕರುವಿನ ಬಾಯಿ ತೆರೆಸುವಂತೆ ಅಗಲಿಸಿ ಎರಡು ಬೆರಳು ಹಾಕಿದಳು. ನುರಿತ ಕೈ. ಥರ್ಮಕೋಲ್ ನುಂಗಿದ ಮುದುಕನನ್ನು ಉಳಿಸುವ ಆತುರ. ನಾನು ಅವಳ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಜನ ಪಶ್ಚಾತ್ತಾಪವೆಂದುಕೊಂಡರು. ಅರ್ಧ ಹಾಗೂ ಇತ್ತು.

"ಥರ್ಮಕೋಲಲ್ಲ, ಅಕ್ಕಿ" ಎಂದೆ. "ನಮ್ಮೂರಿನ ಅಕ್ಕಿ. ನಂದು."

ಚೀಲ ತಂದು ತೋರಿಸಿದೆ. ಟವೆಲ್ ತೋರಿಸಿದೆ. ಎಲ್ಲ ಹೇಳಿದೆ. ಮುಗಿದ ಮೇಲೆ ಸದ್ದೇ ಇಲ್ಲ. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ಬೈದು, ಕೈ ಎತ್ತಿ, ನಡುವೆ ಬಂದವರು ಬಿಡಿಸಿ, ಮುಗಿದೇ ಹೋಗಿರುತ್ತಿತ್ತು. ಆ ಮೌನದ ಬದಲು ನಾಲ್ಕು ಏಟು ಕೊಟ್ಟಿದ್ದರೂ ಆಗುತ್ತಿತ್ತು.

ಲೆನ್ನಾರ್ಟ್ ಕೈ ಎತ್ತಿ, ಅಧ್ಯಕ್ಷೆಯ ಅನುಮತಿ ಪಡೆದು ಹೇಳಿದ: "ಮಾಡಿ ತೋರಿಸ್ರಿ."

ಎಲ್ಲರೂ ಯಂತ್ರದ ಮನೆಗೆ ನಡೆದರು. ಟವೆಲ್ ಹಾಸಿ ಮಂಡಕ್ಕಿ ಹರವಿದೆ. ಕಾಫಿ ಬಂತು. ಮೂರೂರಿನ ಜನ ಕೊಡೆ ಹಿಡಿದು, ಗಡಿಯಾರ ನೋಡುತ್ತ ನಿಂತರು. ನಲವತ್ತು ನಿಮಿಷಕ್ಕೆ ಹಸಿರು ದೀಪಗಳು ಒಂದೊಂದಾಗಿ ಆರಿದವು. ಚಪ್ಪಾಳೆ ಬಿತ್ತು. ಸೇವೆ ಮಾಡಿ ಹಾರ ಹಾಕಿಸಿಕೊಂಡಿದ್ದೇನೆ, ಆದರೆ ಮೂರೂರಿನ ಕೆಲಸ ಕೆಡಿಸಿ ಚಪ್ಪಾಳೆ ತಟ್ಟಿಸಿಕೊಂಡದ್ದು ಅದೊಂದೇ ಸಲ. ಬಿಸಿ ಮಂಡಕ್ಕಿಯನ್ನು ಎಲ್ಲರ ಕೈಗೂ ಹಾಕಿದೆ. ಲೆನ್ನಾರ್ಟ್ ಎರಡನೇ ಸಲ ಕೈ ಚಾಚಿದ. ಅಲ್ಲೇ ನಿಂತು ಇಂಗ್ರಿಡ್‌ಗೆ, "ಗುರುವಾರದ ಕಾಫಿಗೆ ಉಪಕಾರ ಆತು" ಎಂದ. ಅವರ ರಾಜಿ ಅಷ್ಟೇ.

ಬ್ರೆಂಬು ತಂತಿ ಕತ್ತರಿಸಲಿಲ್ಲ. 'ತಂತಿ ನಿಂತದ್ದಕ್ಕೆ ಕಾರಣವೇನು' ಎಂಬಲ್ಲಿ ಇಂಗ್ರಿಡ್ ಸಭೆಯ ಪುಸ್ತಕದಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದಳು: "ಕಾರಣ: ಅಕ್ಕಿ."

ಹೊರಡುವಾಗ ನಿಲ್ಸ್ ಕೀಲಿಯನ್ನು ಜೇಬಿನಲ್ಲಿ ಆಡಿಸುತ್ತ ಕೇಳಿದ: "ಎಲ್ಲರ ಮುಂದೆ ಹೇಳೋದಕ್ಕೆ ನನಗೆ ಧೈರ್ಯ ಬರ್ತಿರ್ಲಿಲ್ಲ ಮುರು. ನಿಮ್ಮೂರಿನ ಸಭೆಯಾಗೂ ಹಿಂಗೇ ಒಪ್ಕೊಂಡುಬಿಡ್ತೀರೇನು?"

ಹೌದು ಅಂದೆ. ಆ ದೇಶದಲ್ಲಿ ನಾನು ಹೇಳಿದ ಕೊನೆಯ ಸುಳ್ಳು ಅದು.

ಮತ್ತೆ ದಾವಣಗೆರೆ

ಊರಿಗೆ ಬಂದರೆ ನನಗೆ ಸನ್ಮಾನದ ತಯಾರಿ ನಡೆದಿತ್ತು. ಕೊನೆಯ ಊರಿನವರೂ ಬರುವರೆಂದು ಹೇಳಿದರು. ನಾನು ದಾವಣಗೆರೆಯ ಆನೆಕೊಂಡದಲ್ಲಿರುವ ತಂಗಿಯ ಮನೆಗೆ ಹೋಗುವ ನೆಪ ಹೇಳಿ ನೇರ ಭಟ್ಟಿಗೆ ಹೋದೆ. ಹೊಗೆ, ಬಿಸಿ, ಜರಡಿಯ ಸದ್ದು. ಎಂಟು ವರ್ಷ ಒಳಗಿಟ್ಟುಕೊಂಡಿದ್ದನ್ನು ದುರ್ಗಪ್ಪನಿಗೆ ಹೇಳಿದೆ.

ಅವನು ಮರಳು ತಿರುವುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಬಿಡ್ರಿ."

"ಹೆಂಗೆ?"

"ತೂಬಿನ ಹಿಡಿ ಮ್ಯಾಲೆ ಟವೆಲ್ ಬಿಟ್ಟು ಓಡಿದ್ರಿ. ಮೂಲ್ಯಾಗೆ ಕೆಂಪು ದಾರದ 'ಮು'. ಕೆಸರಾಗಿತ್ತು, ತೊಳೆದು ಒಣಗಿಸಿ ಅಮ್ಮಾರ ಕೈಗೆ ಕೊಟ್ಟು ಹೋದೆ."

"ಮತ್ತೆ ಸಭೆಯಾಗೆ ಯಾಕ ಹೇಳ್ಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾಯ್ತಿದ್ದೆ. ಭಾಷಣ ಉದ್ದ ಇತ್ತಲ್ರಿ, ಕೊನೆಗಾದ್ರೂ ಬರ್ತೈತೆ ಅನ್ಕೊಂಡೆ."

ಸ್ವೀಡನ್ನಿನಲ್ಲಿ ಆದದ್ದನ್ನು ಹೇಳಿದೆ. ಡಾಕ್ಟರಮ್ಮ ದವಡೆ ಹಿಡಿದದ್ದನ್ನು ಕೇಳಿ ಅವನು ನಕ್ಕು ನಕ್ಕು ಜರಡಿ ಕೆಳಗಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ: "ಗುರುತಿಲ್ಲದೋರ ಸಭೆಯಾಗೆ ಹೇಳಿದ್ರಿ. ನಂಗೆ ಭಟ್ಟಿಯಾಗೆ, ಹೊಗೆ ನಡುವೆ ಹೇಳ್ತೀರಿ. ಹೆಂಗೆ ಇದು?"

ಮನೆಗೆ ಬಂದು ಗೌರಮ್ಮನನ್ನು ಕೇಳಿದೆ, ಆ ಟವೆಲ್ ನೆನಪಿದೆಯಾ ಎಂದು. "ನೆನಪಿಲ್ದೆ ಏನು?" ಎಂದಳು. "ಕೊಟ್ಟು ಹೋಗುವಾಗ ಅವನ ಮುಖ ನೋಡಿದ್ದೆ. ನೀವೊಬ್ರೇ ನೋಡ್ಲಿಲ್ಲ."

ಭಾನುವಳ್ಳಿ

ಸನ್ಮಾನದ ದಿನ ದುರ್ಗಪ್ಪನನ್ನೂ ಕರೆಸಿದೆ. ಅವನು ಒಂದು ಚೀಲ ಮಂಡಕ್ಕಿ ಹೊತ್ತು ತಂದು ಬಾಗಿಲ ಬಳಿ ಕೂತ. ಹಾರ ಹಾಕಲು ಬಂದವರನ್ನು ತಡೆದು, ಮೊದಲು ಮಾತು ಮುಗಿಸುತ್ತೇನೆಂದೆ. ಮೇಲಿನ ತೂಬು ತಿರುಗಿಸಿದವನು ನಾನು, ದುರ್ಗಪ್ಪನಲ್ಲ ಎಂದೆ. ಒಂದೇ ವಾಕ್ಯ. ಎಂಟು ವರ್ಷ ಬೇಕಾಯಿತು.

ನಮ್ಮ ಜನಕ್ಕೂ ಸ್ವೀಡನ್ನಿನವರಂತೆ ಸುಮ್ಮನಿರಲು ಬರುತ್ತದೆಂದು ಆಗ ತಿಳಿಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಕೊನೆಯ ಊರಿನ ಹಿರಿಯರೊಬ್ಬರು ಎದ್ದು, ನನ್ನ ವಯಸ್ಸಿಗೆ ಬೆಲೆ ಕೊಟ್ಟು ಅರ್ಧ ಬೈದರು. ಉಳಿದರ್ಧವನ್ನು ಅವರ ಪಕ್ಕದವರು ಪೂರೈಸಿದರು. ಹಾರ ಮೇಜಿನ ಮೇಲೆಯೇ ಉಳಿಯಿತು. ನಾನು ಅಧ್ಯಕ್ಷನ ಕುರ್ಚಿಯಿಂದ ಇಳಿದು ಜಮಖಾನೆಯ ಮೇಲೆ ಕೂತೆ. ಆಮೇಲೆ ಎಲ್ಲರೂ ದುರ್ಗಪ್ಪನ ಕಡೆ ತಿರುಗಿ, ವಾಪಸು ಬಾ, ನೀರುಗಂಟಿ ಕೆಲಸ ನಿನ್ನದೇ ಎಂದರು.

"ಬ್ಯಾಡ್ರಪ್ಪ" ಎಂದ. "ನೀರು ಕಾದಿದ್ದು ಸಾಕು. ಈಗ ಬೆಂಕಿ ಕಾಯ್ತೀನಿ. ಅದನ್ನ ಯಾರೂ ಕದ್ದು ತಮ್ಮ ಗದ್ದೆಗೆ ತಿರುಗಿಸ್ಕೊಳ್ಳಲ್ಲ."

ಬೈಯುತ್ತಿದ್ದವರೂ ನಕ್ಕರು. ಅವನು ಮಾತ್ರ ನಗಲಿಲ್ಲ.

"ಆದ್ರೆ ಆ ಪುಸ್ತಕದಾಗೆ ನಾನು ನಿದ್ದೆ ಮಾಡಿದ್ದೆ ಅಂತ ಬರ್ದೈತೆ. ನನ್ನ ಮೊಮ್ಮಗಳು ಈಗ ಓದಾಕೆ ಕಲ್ತಾಳೆ. ಅದನ್ನ ಹೊಡೆದುಹಾಕ್ರಿ."

ಹಳೆಯ ಪುಸ್ತಕ ತರಿಸಿದರು. ಬರಹ ನನ್ನದಲ್ಲ, ಸಹಿ ನನ್ನದು. ಪೆನ್ನು ನನ್ನ ಕೈಗೇ ಕೊಟ್ಟರು. ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಬರೆದೆ.

"ಓದ್ರಿ" ಎಂದ ದುರ್ಗಪ್ಪ.

ಎದ್ದು ನಿಂತು ಓದಿದೆ: "ಕಾರಣ: ಮುರುಗೇಂದ್ರಪ್ಪ."

ಅವನು ಚೀಲದ ಬಾಯಿ ಬಿಚ್ಚಿದ. "ಈಗ ತಿನ್ರಿ ಎಲ್ಲಾರೂ. ಆಗ್ಲಿಂದ ಮೆತ್ತಗಾಗ್ತಾ ಐತೆ."